ಹದಿನಾಲ್ಕು ಮೆಟ್ಟಿಲಿಗೆ ಬಿಸಿನೀರಿನ ಅಭಿಷೇಕ

ಬಿಸಿನೀರು ಹಾಕಿದರೆ ಮಂಜುಗಡ್ಡೆ ಕರಗುತ್ತದೆ ಎಂದು ಶಾಲೆಯಲ್ಲಿ ನನಗೆ ಕಲಿಸಿದ್ದರು. ಕರಗಿದ ಮೇಲೆ ಏನಾಗುತ್ತದೆ ಎಂದು ಹೇಳುವ ಮೊದಲೇ ಗಂಟೆ ಹೊಡೆದಿರಬೇಕು.

ನಮ್ಮ ಮನೆ ಇರುವುದು ಭೂಮಿಯ ದಕ್ಷಿಣ ತುದಿಯ ಊರಾದ ಪುಂತಾ ಅರೇನಾಸಿನ ಗುಡ್ಡದ ಮೇಲೆ. ಬೀದಿಯಿಂದ ಬಾಗಿಲಿಗೆ ಹದಿನಾಲ್ಕು ಸಿಮೆಂಟಿನ ಮೆಟ್ಟಿಲು. ಜುಲೈ, ಅಂದರೆ ನಮ್ಮ ಚಳಿಗಾಲ, ಬಂತೆಂದರೆ ಅವುಗಳ ಮೇಲೆಲ್ಲ ಮಂಜು. ಆ ಶನಿವಾರ ಹನ್ನೊಂದಕ್ಕೆ ಅತ್ತೆ ದೋನ್ಯಾ ಎರ್ಮೆಲಿಂದಾ ಚಿಲೋಯೆ ದ್ವೀಪದಿಂದ ಬರುವವರಿದ್ದರು, ಐದು ದಿನದ ಮಟ್ಟಿಗೆ. ಅವರಿಗೆ ಎಪ್ಪತ್ತೆಂಟು ವರ್ಷ. ಹೋದ ವರ್ಷ ಸೊಂಟದ ಮೂಳೆಗೆ ಆಪರೇಷನ್ ಆಗಿತ್ತು. ಇನ್ನೊಮ್ಮೆ ಬಿದ್ದರೆ ನಡೆಯುವ ಆಸೆ ಬಿಡಿ ಎಂದಿದ್ದರು ಡಾಕ್ಟರು. ಆ ಮಾತನ್ನು ನನ್ನ ಹೆಂಡತಿ ನೆಲಿದಾ ವಾರವಿಡೀ ದಿನಕ್ಕೆ ಮೂರು ಹೊತ್ತು ನನಗೆ ಔಷಧಿಯಂತೆ ಕುಡಿಸಿದ್ದಳು.

"ಮೆಟ್ಟಿಲಿಗೆ ಉಪ್ಪು ಹಾಕಿದ್ಯಾ?" ಎಂದು ಅಡುಗೆಮನೆಯಿಂದ ಕೇಳಿದಳು.

"ಹಾಕ್ತಾ ಇದೀನಿ."

(ಮಂಜು ಕರಗಿಸುವ ಕಲ್ಲುಪ್ಪಿನ ಮೂಟೆ ತರಲು ಮರೆತಿದ್ದೆ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆಯಬೇಕಂತೆ. ಉಪ್ಪು ಮರೆತವನನ್ನು ನೆಲಿದಾ ಅದಕ್ಕಿಂತಲೂ ಹೆಚ್ಚು ಕಾಲ ನೆನೆಯುತ್ತಾಳೆ.)

ಆಗಲೇ ಹೊಳೆದದ್ದು ಆ ಉಪಾಯ. ಬಚ್ಚಲಿನಿಂದ ಹೊಗೆಯಾಡುವ ನೀರನ್ನು ಬಕೆಟ್‌ಗಟ್ಟಲೆ ಹೊತ್ತು ತಂದು, ಮೇಲಿನಿಂದ ಕೆಳಗಿನವರೆಗೆ ಅಭಿಷೇಕ ಮಾಡಿ ಯೋಜನೆಯನ್ನು ಜಾರಿಗೆ ತಂದೆ. (ಜಾರಿ ಎಂಬ ಪದದ ಪೂರ್ಣ ಅರ್ಥ ತಿಳಿದದ್ದು ಆಮೇಲೆ.) ಮಂಜು ಮಾಯವಾಗಿ ಸಿಮೆಂಟು ಮುಖ ತೋರಿತು. ವಿಜಯಶಾಲಿಯಾಗಿ ಒಳಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬಂದೆ.

ಹತ್ತು ಗಂಟೆ. ನಮ್ಮೂರಿನ ಸೋಮಾರಿ ಸೂರ್ಯ ಆಗತಾನೇ ಎದ್ದಿದ್ದ. ಸುರಿದ ನೀರೆಲ್ಲ ಹೆಪ್ಪುಗಟ್ಟಿ, ನನ್ನೆದುರಿಗೆ ಹದಿನಾಲ್ಕು ಮೆಟ್ಟಿಲಲ್ಲ, ಹದಿನಾಲ್ಕು ಕನ್ನಡಿ. ಒಂದೊಂದರಲ್ಲೂ ಗುಲಾಬಿ ಬಣ್ಣದ ಆಕಾಶದ ಒಂದೊಂದು ತುಂಡು. ಸುಳ್ಳು ಹೇಳುವುದಿಲ್ಲ, ಅರೆಗಳಿಗೆ ಮೈಮರೆತು ನೋಡಿದೆ. ಆಮೇಲೆ ಅತ್ತೆಯ ಸೊಂಟ ನೆನಪಾಯಿತು.

ನೆಲಿದಾ ಬಂದು ನೋಡಿದಳು. "ಇದೇನೋ ಇದು?"

"ನೋಡೋಕೆ ಚೆನ್ನಾಗಿದೆ, ಅಲ್ವಾ?"

"ನಮ್ಮಮ್ಮನ್ನ ಕೊಲ್ಲೋಕೆ ಗಾಜಿನ ಅರಮನೆ ಕಟ್ಟಿದೀಯಲ್ಲೋ."

ಅಡುಗೆಮನೆಯ ಉಪ್ಪಿನ ಡಬ್ಬಿ ಸುರಿದೆವು. ಒಂದೂವರೆ ಮೆಟ್ಟಿಲಿಗೆ ಸಾಲಿತು. ನಡುಮನೆಯ ಜಮಖಾನ ಹಾಸಿದೆವು. ಅದು ತಾನೇ ಸರಸರನೆ ಇಳಿದುಹೋಗಿ ಬೀದಿಯಲ್ಲಿ ಮಲಗಿತು.

"ನಾನೇ ಅತ್ತೇನ ಎತ್ಕೊಂಡು ಬರ್ತೀನಿ" ಎಂದೆ.

"ನೀನಾ? ಮೊನ್ನೆ ಹಿಟ್ಟಿನ ಚೀಲ ಎತ್ತಿ ಎರಡು ದಿನ ಮಲಗಿದ್ದೆ."

ಅಷ್ಟರಲ್ಲಿ ಟ್ಯಾಕ್ಸಿ ಬಂತು. ಅತ್ತೆ ಇಳಿದು ಮೆಟ್ಟಿಲುಗಳನ್ನು ನೋಡಿದರು, ನನ್ನನ್ನು ನೋಡಿದರು. ಕಾರಿನ ಸೀಟಿನ ಮೇಲೆ ಮತ್ತೆ ಕೂತು, ಚೀಲದಿಂದ ದಪ್ಪ ಉಣ್ಣೆಯ ಕಾಲುಚೀಲ ತೆಗೆದು ಬೂಟಿನ ಮೇಲೆಯೇ ಏರಿಸಿಕೊಂಡರು.

"ಅತ್ತೆ, ಅಲ್ಲೇ ಇರಿ, ನಾನು ಬಂದೆ."

"ನೀನು ಮಾತ್ರ ಬರಬೇಡಪ್ಪ."

ಕಂಬಿ ಹಿಡಿದು ಬೆಕ್ಕಿನಂತೆ ಹತ್ತತೊಡಗಿದರು. ಉಣ್ಣೆ ಮಂಜುಗಡ್ಡೆಗೆ ಕಚ್ಚಿಕೊಳ್ಳುತ್ತಿತ್ತು. ನಾನು ಮೇಲೆ ಬಾಗಿಲ ಬಳಿ ಕಂಬಿ ಹಿಡಿದು ನಿಂತು ಮೆಟ್ಟಿಲು ಎಣಿಸುತ್ತಿದ್ದೆ. ಒಂಬತ್ತನೆಯದರಲ್ಲಿ ಅವರು ತುಸು ನಿಂತರು. ಸುಧಾರಿಸಿಕೊಳ್ಳಲು ನಿಂತದ್ದು, ನನಗೆ ಮಾತ್ರ ಓಲಾಡಿದಂತೆ ಕಂಡಿತು. ಕಂಬಿ ಬಿಟ್ಟು, ಕೈ ಚಾಚಿ, ಒಂದು ಹೆಜ್ಜೆ ಕೆಳಗಿಟ್ಟೆ.

ಮುಂದಿನ ಹೆಜ್ಜೆಗಳನ್ನು ನಾನು ಇಡಲಿಲ್ಲ. ಕೂತ ಭಂಗಿಯಲ್ಲೇ ಪ್ರಯಾಣ ಹೊರಟೆ. ಅತ್ತೆ ಕೋಟಿನ ಅಂಚು ಎತ್ತಿಕೊಂಡು, ಮರ್ಯಾದೆಯಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾನು ಬೀದಿಯ ಜಮಖಾನದ ಮೇಲೆ, ಡ್ರೈವರನ ಕಾಲ ಬಳಿ ನಿಂತೆ. ಅಂದರೆ, ಬಿದ್ದೆ.

ಆತ ಬಗ್ಗಿ ನೋಡಿ, "ಎಲ್ಲಿಗೆ ಹೋಗ್ಬೇಕು, ಸ್ವಾಮಿ?" ಎಂದ.

"ಆಸ್ಪತ್ರೆಗೆ" ಎಂದೆ.

ಬಾಲದ ಮೂಳೆಯಲ್ಲಿ ಬಿರುಕು. ಆರು ವಾರ ಬೋರಲು ಮಲಗಬೇಕು. ನೆಲಿದಾಗೆ ಕೆಲಸಕ್ಕೆ ರಜೆ ಇಲ್ಲ, ಆದ್ದರಿಂದ ಅತ್ತೆಯ ಐದು ದಿನ ಚಳಿಗಾಲ ಮುಗಿಯುವವರೆಗೆ ಹಿಗ್ಗಿದೆ. ಈಗ ಅವರೇ ನನ್ನ ತಲೆದಿಂಬು ಸರಿಮಾಡಿ, ಸೂಪಿನ ಚಮಚ ಬಾಯಿಗಿಡುತ್ತ ಹೇಳುತ್ತಾರೆ:

"ನಿನ್ನ ವಯಸ್ಸಿಗೆ ಒಬ್ಬನೇ ಮೆಟ್ಟಿಲು ಇಳಿಯೋದೆಲ್ಲ ಬೇಡಪ್ಪ. ಹೊರಗೆ ಹೋಗ್ಬೇಕು ಅನ್ಸಿದ್ರೆ ನನ್ನ ಕೂಗು, ಕೈ ಹಿಡಿದು ಕರ್ಕೊಂಡು ಹೋಗ್ತೀನಿ."