ನಡುವಿನ ಡಬ್ಬಿಯಲ್ಲಿ ಕೂತವನು ಯಾವ ದೇಶದವನು?

ಅವತ್ತು ಪೋತ್ನಾಳದ ಬಸ್‌ಸ್ಟ್ಯಾಂಡಿನ ಎದುರಿನ ಚಾ ಅಂಗಡಿಯಲ್ಲಿ ನಾವು ನಾಲ್ಕು ಮಂದಿ ಇದ್ದೆವು. ಒಲೆಯ ಮುಂದೆ ಅಂಗಡಿಯ ಚಾಚಾ. ಬೆಂಚಿನ ಈ ತುದಿಗೆ ರಾಯಚೂರಿನಿಂದ ರಜೆಗೆ ಬಂದಿದ್ದ ಸಾಲಿ ಮಾಸ್ತರನಾದ ನಾನು. ಆ ತುದಿಗೆ ದೇವದುರ್ಗದ ಕಂಡಕ್ಟರು, ಡ್ಯೂಟಿ ಇಲ್ಲದ ದಿನವೂ ಖಾಕಿ ಅಂಗಿ ಬಿಡದ ಮನುಷ್ಯ. ನಡುವೆ ನಮ್ಮ ಮೀನಿನ ಮಾವ. ಮಾವನನ್ನು ನಡುವೆ ಕೂಡಿಸಿಕೊಂಡದ್ದೇ ನಮ್ಮ ತಪ್ಪು! ಈ ಭೂಮಿಯ ಮೇಲೆ ಯಾರ ತಲೆಗೂ ಬಾರದ ಪ್ರಶ್ನೆಗಳೆಲ್ಲ ನಮ್ಮ ಮಾವನ ತಲೆಗೆ ಬರುತ್ತವೆ. ಉತ್ತರ ಸಿಗುವತನಕ ಅವನು ಅಕ್ಕಪಕ್ಕದವರನ್ನು ಏಳಗೊಡುವುದಿಲ್ಲ.

ಮಾವ ಅಂದರೆ ನಮ್ಮವ್ವನ ಒಡಹುಟ್ಟಿದವನೇನೂ ಅಲ್ಲ. ಅವನು ಹುಟ್ಟಿದ್ದು ಖುಲ್ನಾ ಕಡೆಯ ಹಳ್ಳಿಯಲ್ಲಿ. ಈಗ ಅದು ಬಾಂಗ್ಲಾದೇಶ. ಚಡ್ಡಿ ಹಾಕುವ ವಯಸ್ಸಿನಲ್ಲಿ ತಾಯಿಯ ಸೆರಗು ಹಿಡಿದು ಗಡಿ ದಾಟಿ, ಸರಕಾರ ಹತ್ತಿಸಿದ ರೈಲು ಹತ್ತಿ, ರಾಯಚೂರು ಸ್ಟೇಷನ್ನಿನಲ್ಲಿ ಇಳಿದು, ಸಿಂಧನೂರು ಕಡೆಯ ಬಂಗಾಲಿ ಕ್ಯಾಂಪು ಸೇರಿದವನು. ಮುಂದೆ ಪೋತ್ನಾಳಕ್ಕೆ ಬಂದು ಕೆರೆ ಗುತ್ತಿಗೆ ಹಿಡಿದ, ಮೀನು ಸಾಕಿದ, ನಮ್ಮವ್ವನನ್ನು ‘ಅಕ್ಕಾ’ ಅಂದ. ಹಾಗಂದಮೇಲೆ ನನಗೆ ಮಾವನಾಗದೆ ಇನ್ನೇನಾದಾನು? ಲೆಕ್ಕ ಹಾಕುವುದು ಬಂಗಾಲಿಯಲ್ಲಿ. ಬೈಯುವುದು ಮಾತ್ರ ಅಪ್ಪಟ ಮಾನ್ವಿ ಕನ್ನಡದಲ್ಲಿ!

“ಲೇ ಅಳಿಯಾ,” ಅಂದ ಮಾವ, ಬಸಿಯಲ್ಲಿದ್ದ ಚಾ ಊದುತ್ತ. “ಕಲ್ಕತ್ತಾದಿಂದ ಖುಲ್ನಾಕ್ಕ ಮತ್ತ ರೈಲು ಬಿಡಾಕತ್ಯಾರಂತ. ಯುದ್ಧದ ಕಾಲಕ್ಕ ಬಂದ್ ಮಾಡಿದ್ರು ನೋಡು, ಅದ ಹಾದಿಗೆ. ಅದಿರ್ಲಿ. ಆ ಗಾಡಿ ಬರೋಬ್ಬರಿ ಗಡಿ ಮ್ಯಾಲ ನಿಂತು ಬಿಡ್ತದಂತ ತಿಳಿ. ಮುಂದಿನ ಡಬ್ಬಿ ಆ ದೇಶದಾಗ, ಹಿಂದಿನ ಡಬ್ಬಿ ಈ ದೇಶದಾಗ. ನಡುವಿನ ಡಬ್ಬ್ಯಾಗ ಕುಂತಾಂವ ಯಾ ದೇಶದಾಂವ?”

ಚಾಚಾ ಸೌಟು ನಿಲ್ಲಿಸಿದ. “ಅರೇ ಭಾಯಿ, ಅಂವ ಇಂಜಿನ್ನಿಗೆ ಮುಖಾ ಮಾಡಿ ಕುಂತಾನೋ, ಬೆನ್ನು ಮಾಡಿ ಕುಂತಾನೋ? ಅದನ್ನ ಮೊದಲ ಹೇಳು.”

“ಮುಖಾ, ಬೆನ್ನು ಎಲ್ಲಿಂದ ಬಂತ್ರೀ?” ಕಂಡಕ್ಟರು ರೇಗಿದ. “ಟಿಕೇಟು ಎಲ್ಲೀತನ ತಗೊಂಡಾನ ನೋಡ್ರಿ. ಇಳಿಯೋತನಕ ಅಂವ ಕಂಡಕ್ಟರನ ಮನಿಶ್ಯಾ! ಆದ್ರ ನನಗ ಒಂದ ಸಂಕಟ. ನಮ್ಮ ದೇವದುರ್ಗಕ್ಕ ಇನ್ನಾ ಒಂದು ರೈಲು ಬಂದಿಲ್ಲ, ಇವರು ಬ್ಯಾರೆ ದೇಶಕ್ಕ ಬಿಡಾಕತ್ಯಾರ!”

“ನಿಮ್ಮೂರಾಗೂ ಒಂದು ಯುದ್ಧ ಆಗಿ ರೈಲು ಬಂದ್ ಆಗಿದ್ರ, ಈಗ ನಿಮಗೂ ಬಿಡ್ತಿದ್ರು,” ಅಂದ ಚಾಚಾ.

“ಬಂದ್ ಆಗಾಕ ಮೊದಲ ರೈಲು ಇರಬೇಕಲ್ರೀ!”

ನಾವು ನಗುತ್ತಿದ್ದೆವು. ಮಾವ ನಗಲಿಲ್ಲ. ಅವನಿಗೆ ನಿಜಕ್ಕೂ ಉತ್ತರ ಬೇಕಾಗಿತ್ತು. ಮರುವಾರ ರಾಯಚೂರು ಸ್ಟೇಷನ್ನಿಗೇ ಬಂದ. ವಿಚಾರಣೆ ಕಿಟಕಿಯ ಮುಂದೆ ನಿಂತು, ಬೆನ್ನ ಹಿಂದೆ ಅಷ್ಟುದ್ದ ಸಾಲು ಬೆಳೆಯುತ್ತಿದ್ದರೂ ಲೆಕ್ಕಿಸದೆ, ಒಳಗಿನ ಬಾಬುಗೆ ಎರಡೂ ಕೈಯಿಂದ ಗಾಡಿ ಮಾಡಿ ತೋರಿಸಿ, ಗಡಿ ಮಾಡಿ ತೋರಿಸಿ, ನಡುವಿನ ಡಬ್ಬಿ ಮಾಡಿ ತೋರಿಸಿದ. ಬಾಬು ಕನ್ನಡಕ ತೆಗೆದು ಒರೆಸಿಕೊಂಡು, “ಊಟದ ವ್ಯಾಳ್ಯಾ ಆತ್ರೀ” ಅಂತ ಕಿಟಕಿ ಮುಚ್ಚಿದನಂತೆ. ಆಗಿನ್ನೂ ಬೆಳಿಗ್ಗೆ ಹತ್ತು ಗಂಟೆ!

ಈ ಹುಚ್ಚು ಕುತೂಹಲದ ಹಿಂದೆ ಒಬ್ಬಳು ಅಕ್ಕ ಇದ್ದಳು. ಒಡಹುಟ್ಟಿದ ಅಕ್ಕ. ಇವರು ಊರು ಬಿಡುವ ಹೊತ್ತಿಗೆ ಅವಳಿಗೆ ಅಲ್ಲೇ ಮದುವೆಯಾಗಿತ್ತು, ಗಂಡನ ಮನೆಯಲ್ಲಿ ಉಳಿದಳು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಇವರ ತಾಯಿ ನಮ್ಮ ಹೊಲದಲ್ಲಿ ದುಡಿಯುತ್ತಿದ್ದವಳು, ಇಲ್ಲೇ ತೀರಿಕೊಂಡಳು. ಆ ಸುದ್ದಿ ಖುಲ್ನಾ ಮುಟ್ಟುವಷ್ಟರಲ್ಲಿ ಇಲ್ಲಿ ಅವಳ ವರ್ಷದ ಕಾರ್ಯವೇ ಹತ್ತಿರ ಬಂದಿತ್ತು.

ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದಾಯಿತು. ವಿಚಾರಣೆಗೆ ಮನೆಗೆ ಬಂದ ಪೇದೆ ಕೇಳಿದ, “ಹುಟ್ಟಿದ ಊರು?”

“ಖುಲ್ನಾ ಹತ್ರ ಒಂದು ಹಳ್ಳಿರೀ.”

“ಖುಲ್ನಾ... ಖುಲ್ನಾ... ದೇವದುರ್ಗದ ಕಡೆ ಜಾಲಹಳ್ಳಿ ದಾಟಿ ಬರ್ತದಲ್ಲ, ಅದೇನು?”

ಸುಮ್ಮನೆ ಅಲ್ಲ ಅಂದಿದ್ದರೆ ಮುಗಿಯುತ್ತಿತ್ತು. ನಮ್ಮ ಮಾವ ಸುಮ್ಮನಿದ್ದಾನೆಯೆ? “ಜಾಲಹಳ್ಳಿ ದಾಟೇ ಬರ್ತದರೀ. ಆದ್ರ ಇನ್ನಾ ಭಾಳ ಮುಂದ!” ಅಂದ. ಆ ಪುಣ್ಯಾತ್ಮನಿಗೆ ನೆಲದ ಮೇಲೆ ಸುಣ್ಣದಲ್ಲಿ ನಕಾಶೆ ಬರೆದು ತಿಳಿಸುವಷ್ಟರಲ್ಲಿ ನಮ್ಮವ್ವ ಎರಡು ಸಲ ಚಾ ಕಾಸಿದಳು.

ಹೊರಡುವ ದಿನ ಬಂತು. ಹುಟ್ಟೂರಿಗೆ ಹೋಗುವವನು ಅಲ್ಲಿಂದ ಒಂದು ಹಿಡಿ ಮಣ್ಣು ತಂದಾನು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಮಾವನ ಚಿಂತೆಯೇ ಬೇರೆ. “ಅಕ್ಕಾ, ರೊಟ್ಟಿ ಬಡಿ. ಕಡಕ್ ರೊಟ್ಟಿ. ನಮ್ಮಕ್ಕ ನಾ ಇಷ್ಟ್ ದಿನ ಏನ್ ತಿಂದು ಬದುಕೀನಂತ ನೋಡ್ಲಿ!” ಅವ್ವ ಬಡಿದಳು. ಮೊಣಕಾಲೆತ್ತರದ ರೊಟ್ಟಿಯ ಥಪ್ಪಿ, ನಂಚಿಕೊಳ್ಳಲು ಖಾರದ ಪುಡಿಗಳು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಎಲ್ಲ ಹಳೆಯ ಸೀರೆಯಲ್ಲಿ ಗಂಟು.

ಕಲ್ಕತ್ತಾ ಸ್ಟೇಷನ್ನಿನಲ್ಲಿ ತಪಾಸಣೆಯ ಸಾಹೇಬ ಗಂಟು ಬಿಚ್ಚಿಸಿದ. ಒಂದು ರೊಟ್ಟಿ ತೆಗೆದು ಬೆರಳಿನಿಂದ ಬಡಿದ. ಠಣ್! ಹಿಂದೆ ತಿರುಗಿಸಿ ನೋಡಿದ. ಬೆಳಕಿಗೆ ಹಿಡಿದ. ಇದೇನು ಅಂತ ಹಿಂದಿಯಲ್ಲಿ ಕೇಳಿದ.

“ಖಾನಾ” ಅಂದ ಮಾವ.

ಸಾಹೇಬ ನಂಬಲಿಲ್ಲ. ಮಾವ ಅಲ್ಲೇ ಒಂದು ಚೂರು ಕಟಕ್ಕನೆ ಮುರಿದು, ಹಿಂಡಿ ಹಚ್ಚಿ, ತಿಂದು ತೋರಿಸಿ, ಸಾಹೇಬನ ಕೈಗೂ ಒಂದು ಚೂರು ಕೊಟ್ಟ. ಗುರೆಳ್ಳು ಹಿಂಡಿಯ ಖಾರಕ್ಕೆ ಆತನ ಕಣ್ಣಲ್ಲಿ ನೀರು ಬಂತು. ಬಾಯಿ ತೆರೆಯಲಾಗದೆ ಕೈಸನ್ನೆಯಲ್ಲೇ ಮುಂದೆ ಹೋಗು ಅಂದನಂತೆ!

ಗಾಡಿ ಬಿಟ್ಟಿತು. ಮಾವ ಹಟ ಮಾಡಿ ಹಿಡಿದದ್ದು ಕಿಟಕಿಯ ಸೀಟು. ಗಡಿ ಬರುವುದನ್ನು ಕಣ್ಣಾರೆ ನೋಡಬೇಕು! ರೆಪ್ಪೆ ಬಡಿಯಲಿಲ್ಲ, ನೀರು ಕುಡಿಯಲಿಲ್ಲ, ಪಕ್ಕದವರು ಮಾತಾಡಿಸಿದರೆ ಹೂಂ ಅನ್ನಲಿಲ್ಲ. ಇನ್ನೇನು ಬಂತು ಅನ್ನುವ ಹೊತ್ತಿಗೆ ಗಾಡಿ ಒಮ್ಮೆ ಜಗ್ಗಿತು. ರೊಟ್ಟಿಯ ಗಂಟು ಜಾರಿ ಎದುರಿನ ಸೀಟಿನ ಕೆಳಗೆ ಹೋಯಿತು. ಮಾವ ಬಗ್ಗಿದ, ತೂರಿದ, ಯಾರದೋ ಚಪ್ಪಲಿಗಳ ನಡುವಿನಿಂದ ಗಂಟು ಎಳೆದುಕೊಂಡು ಮೇಲೆದ್ದ.

“ಅಷ್ಟರಾಗ ಹೋಗಿ ಬಿಟ್ಟಿತ್ತೋ ಅಳಿಯಾ! ಬಗ್ಗಿದ್ದು ಇಂಡಿಯಾದಾಗ, ಎದ್ದಿದ್ದು ಬಾಂಗ್ಲಾದೇಶದಾಗ!” ಅಂತ ಮರಳಿ ಬಂದು ನನಗೆ ಹೇಳಿದ.

“ಹಂಗಾದ್ರ ಸೀಟಿನ ಕೆಳಗ ಇದ್ದಾಗ ನೀ ಯಾ ದೇಶದಾಗಿದ್ದಿ ಮಾವಾ?”

“ಅದ ತಿಳೀವಲ್ದು ನೋಡು,” ಅಂದ, ಬಹಳ ದುಃಖದಿಂದ.

ಖುಲ್ನಾ ಸ್ಟೇಷನ್ನಿನಲ್ಲಿ ಒಬ್ಬ ಮುದುಕಿ ಇಳಿದವರ ಮುಖಗಳನ್ನೆಲ್ಲ ಹತ್ತಿರ ಹೋಗಿ ಹೋಗಿ ನೋಡುತ್ತಿದ್ದಳಂತೆ. ಇವನ ಮುಖ ನೋಡಿದವಳೇ ಮೊದಲು ಕಪಾಳಕ್ಕೆ ಒಂದು ಬಿಟ್ಟಳು. ಇಷ್ಟು ತಡವೇನೋ ಅಂತ. ಆಮೇಲೆ ಅಳಲು ಶುರು ಮಾಡಿದಳು. ಮೀನು ಮಾಡಿ ಹಾಕಿದಳು, ಬೆಳಿಗ್ಗೆ ಮೀನು, ಮಧ್ಯಾಹ್ನ ಮೀನು. ಜೀವನವಿಡೀ ಮೀನು ಮಾರಿದ ನಮ್ಮ ಮಾವ ಮೂರನೆಯ ದಿನಕ್ಕೆ, ತಾನೇ ಕಾಣಿಕೆ ಕೊಟ್ಟ ರೊಟ್ಟಿಯನ್ನು ಅಕ್ಕನ ಡಬ್ಬದಿಂದ ಕದ್ದು ತಿನ್ನುವಾಗ ಸಿಕ್ಕಿಬಿದ್ದ!

ಹೊರಡುವಾಗ ಅಕ್ಕ ಒಂದೇ ಮಾತು ಕೇಳಿದ್ದಳು. ನಮ್ಮ ತಾಯಿ ದುಡಿದ ಹೊಲ ಇನ್ನೂ ಇದೆಯೆ? ಇದೆ ಅಂದ. ಹಾಗಾದರೆ ಒಂದು ಸಲ ಬರುತ್ತೇನೆ, ಅದರೊಳಗೆ ಕಾಲಿಡಬೇಕು ಅಂದಳು.

ಊರಿಗೆ ಬಂದಮೇಲೆ ಮಾವನ ಗಡಿಯಾರ ಅರ್ಧ ತಾಸು ಮುಂದೆಯೇ ಓಡತೊಡಗಿತು. ಅಲ್ಲಿನ ಸಮಯ! ತಿರುವಿ ಸರಿ ಮಾಡ್ರೀ ಅಂದರೆ, “ಇವತ್ತಲ್ಲ ನಾಳೆ ಅಕ್ಕನ್ನ ಕರ್ಕೊಂಡು ಬರಾಕ ಹೋಗಾದದ. ಸುಮ್ನ ಅತ್ತ ಇತ್ತ ತಿರುವಿದ್ರ ಕೀಲಿ ಸವೀತದ” ಅನ್ನುತ್ತಿದ್ದ. ಬಾಗಲವಾಡದ ಒಂದು ಮದುವೆಗೆ ಅರ್ಧ ತಾಸು ಮೊದಲೇ ಹೋಗಿದ್ದಕ್ಕೆ, ಪೆಂಡಾಲಿನವರು ಇವನನ್ನೇ ಅಡಿಗೆಯವನೆಂದು ತಿಳಿದು ಉಳ್ಳಾಗಡ್ಡಿ ಹೆಚ್ಚಲು ಕೂಡಿಸಿದ್ದರು. ಹೆಚ್ಚಿಯೂ ಕೊಟ್ಟ ಅನ್ನಿ.

ಆದರೆ ಆ ರೈಲಿನ ಹಣೆಬರಹ ನೆಟ್ಟಗಿರಲಿಲ್ಲ. ಮೊದಲು ರೋಗದ ಕಾಲ ಬಂತು, ನಿಂತಿತು. ಮತ್ತೆ ಬಿಟ್ಟರು. ಅಕ್ಕನ ಪಾಸ್‌ಪೋರ್ಟು ಕೈಗೆ ಬರುವಷ್ಟರಲ್ಲಿ ಆ ಕಡೆ ಗದ್ದಲ ಎದ್ದು ಮತ್ತೆ ನಿಂತಿತು. ಈ ಸಲ ಯಾವಾಗ ಬಿಡುತ್ತಾರೋ ಹೇಳುವವರೇ ಇಲ್ಲ. ಅಕ್ಕನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಫೋನಿನಲ್ಲಿ ಇವನ ಮುಖ ತೋರಿಸಿದರೆ, ಮಂಜು ಕಂಡಂತೆ ಕಾಣುತ್ತೀಯ ಅನ್ನುತ್ತಿದ್ದಳು.

ಒಂದು ದಿನ ಚಾಚಾ ನನಗೆ ಫೋನು ಮಾಡಿದ. “ಮಾಸ್ತರೇ, ಜರಾ ಬಂದು ನೋಡ್ರಿ. ನಿಮ್ಮ ಮಾವ ಎಂಟು ದಿನದಿಂದ ನನಗ ಏನೂ ಕೇಳಿಲ್ಲ. ಚಾ ಕುಡೀತಾನ, ಎದ್ದು ಹೋಗ್ತಾನ. ನನಗ ಹೆದರಿಕಿ ಆಗಾಕತ್ತದ.”

ಹೋಗಿ ನೋಡಿದೆ. ಕೆರೆಯ ದಂಡೆಯಲ್ಲಿ ಕೂತಿದ್ದ. ನಾನೇ ಒಂದು ಪ್ರಶ್ನೆ ಹಾಕಿದೆ. “ಮಾವಾ, ನಿಂತ ರೈಲಿನ ಡಬ್ಬಿ ಈಗ ಯಾ ದೇಶದಾಗ ಅದಾವು?”

“ಎಲ್ಲಾದ್ರೂ ಇರ್ಲಿ ಬಿಡೋ,” ಅಂದ. ಅವನ ಬಾಯಿಂದ ಆ ಮಾತು ನಾನು ಎಂದೂ ಕೇಳಿರಲಿಲ್ಲ.

ಹೋದ ಮಳೆಗಾಲದಲ್ಲಿ ಅಕ್ಕ ಬಂದಳು. ಹೈದರಾಬಾದಿನಲ್ಲಿ ಕಣ್ಣಿನ ಆಪರೇಶನ್ನಿಗೆ ಅಂತ ವೀಸಾ ಸಿಕ್ಕಿತ್ತು. ರೈಲಿಲ್ಲದ್ದಕ್ಕೆ ಮಗನ ಕೈ ಹಿಡಿದು ಗಡಿಯನ್ನು ನಡೆದೇ ದಾಟಿ, ಈ ಕಡೆ ಬಂದು ಗಾಡಿ ಹತ್ತಿದ್ದಳು. ಆಸ್ಪತ್ರೆಯವರು ಆಪರೇಶನ್ನಿಗೆ ಒಂದು ವಾರ ಬಿಟ್ಟು ಬರಲು ಹೇಳಿದ್ದರಿಂದ ಪೋತ್ನಾಳಕ್ಕೆ ಕರೆತಂದೆವು.

ಮರುದಿನ ನಮ್ಮವ್ವ ಅವಳನ್ನು ಅವಳ ತಾಯಿ ದುಡಿದಿದ್ದ, ಕಾಲುವೆ ಪಕ್ಕದ ನಮ್ಮ ಗದ್ದೆಗೆ ಕರೆದೊಯ್ದಳು. ನಾನು, ಮಾವ ಹಿಂದೆ. ನೆಲ್ಲು ನಾಟಿ ನಡೆದಿತ್ತು. ಅಕ್ಕ ಬದುವಿನ ಮೇಲೆ ಚಪ್ಪಲಿ ಬಿಟ್ಟಳು. ಆಮೇಲೆ ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದು, ಸಸಿಯ ಕಟ್ಟೊಂದನ್ನು ಎತ್ತಿಕೊಂಡಳು. ಕಣ್ಣು ಕಾಣದಿದ್ದರೂ ಕೈ ನಡೆಯಿತು. ಹೆಬ್ಬೆರಳಿನಿಂದ ಬೇರು ಒತ್ತುವುದು, ಬುಡದ ಮಣ್ಣನ್ನು ಅಂಗೈಯಿಂದ ಮೆಲ್ಲಗೆ ಒಮ್ಮೆ ತಟ್ಟುವುದು, ಒಂದು ಹೆಜ್ಜೆ ಹಿಂದೆ ಸರಿಯುವುದು. ಮತ್ತೆ ಒತ್ತುವುದು, ಮತ್ತೆ ತಟ್ಟುವುದು.

“ಯವ್ವಾ!” ಅಂದಳು ಅವ್ವ. “ಇದು ಇವರವ್ವನ ಕೈ!”

ನನ್ನ ಕಡೆ ತಿರುಗಿದಳು. “ನಾವು ಜ್ವಾಳ ಬಿತ್ತಾ ಮಂದಿ. ಕೆನಾಲ್ ನೀರು ಬಂದಾಗ ನನಗ ಸಸಿ ಹಿಡಿಯಾಕ ಸುದ್ದಾ ಬರ್ತಿರಲಿಲ್ಲ. ಈಕಿ ತಾಯಿ ಕೈ ಹಿಡದು ಕಲಿಸ್ಯಾಳ. ಹಿಂಗ ತಟ್ಟಾಕಿ ಆಕಿ ಒಬ್ಬಾಕಿನ, ಆಕಿ ಬಿಟ್ರ ನಾ.”

ಇದನ್ನು ಬಂಗಾಲಿಯಲ್ಲಿ ಹೇಳಬೇಕಾದವನು ಮಾವ.

ಅವ್ವ ಕಾಯಲಿಲ್ಲ. ತಾನೂ ಇಳಿದು, ಅಕ್ಕನ ಪಕ್ಕದಲ್ಲಿ ಬಗ್ಗಿ, ಒಂದು ಸಸಿ ಊರಿ, ಬುಡ ತಟ್ಟಿದಳು. ಅಕ್ಕ ನಿಂತಳು. ಬಗ್ಗಿ, ಮುಖವನ್ನು ನೀರಿಗೆ ತಾಗುವಷ್ಟು ಹತ್ತಿರ ತಂದು, ಅವ್ವನ ಕೆಸರುಗೈಯನ್ನು ನೋಡಿದಳು. ಅವ್ವ ಇನ್ನೊಂದು ಸಸಿ ಊರಿದಳು, ತಟ್ಟಿದಳು. ಅಕ್ಕ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಆಮೇಲೆ ಇಬ್ಬರೂ ಬಗ್ಗಿ ನಾಟಿ ಮಾಡುತ್ತ ಹಿಂದೆ ಹಿಂದೆ ಸರಿದರು. ನಾವು ಎಷ್ಟು ಕರೆದರೂ, ಆ ಮಡಿ ಮುಗಿಯುವತನಕ ಮೇಲೆ ಬರಲಿಲ್ಲ.