ಅಜ್ಜಿಗೆ ಕಟ್ಟಿದ ಕೆಂಪು ದಾರ

ಸುತ್ತೋಲೆ ಬರೀ ಆರು ಸಾಲಿನದು. ಅದರಲ್ಲಿ ನಾಲ್ಕು ಸಾಲು ವಿಳಾಸಕ್ಕೂ ಸಹಿಗೂ ಖರ್ಚಾಗಿದ್ದವು. ಉಳಿದ ಎರಡು ಸಾಲನ್ನು ಗ್ರಂಥಾಲಯದ ಕ್ಯಾಟಲಾಗ್ ಗುಮಾಸ್ತರು ಒಂದು ವಾರದಲ್ಲಿ ಎಷ್ಟು ಸಲ ಓದಿದ್ದರೆಂದರೆ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಅಲ್ಪವಿರಾಮದ ಸಮೇತ ಒಪ್ಪಿಸುತ್ತಿದ್ದರು: ‘ಪ್ರತಿ ಮೇಜಿನ ಕಂಪ್ಯೂಟರಿನಲ್ಲೂ ಪ್ರಧಾನ ಕಚೇರಿಯ ಜಾಲಪುಟವನ್ನು ತೆರೆದು ಪರೀಕ್ಷಿಸಲಾಗುವುದು. ಪುಟ ತೆರೆಯದ ಕಂಪ್ಯೂಟರನ್ನು ತೆಗೆದು, ಹೊಸದನ್ನು ಕೊಡಲಾಗುವುದು.’

ಎರಡನೆಯ ವಾಕ್ಯಕ್ಕೆ ಬಂದಾಗಲೆಲ್ಲ ಅವರು ಕಾಗದದಿಂದ ತಲೆ ಎತ್ತಿ ತಮ್ಮ ಮೇಜನ್ನು ನೋಡುತ್ತಿದ್ದರು. ಯಾಕೆಂದರೆ ಅವರ ಮೇಜಿನ ಮೇಲಿದ್ದದ್ದು ಅಜ್ಜಿ.

ಅಜ್ಜಿ ಎಂದರೆ ಆ ಗ್ರಂಥಾಲಯಕ್ಕೆ ಬಂದ ಮೊತ್ತಮೊದಲ ಕಂಪ್ಯೂಟರು. ಕಪ್ಪು ಪರದೆ, ಹಸಿರು ಅಕ್ಷರ, ಅಷ್ಟೇ. ಚಿತ್ರ ಎಂದರೇನೆಂದು ಅದಕ್ಕೆ ಗೊತ್ತಿಲ್ಲ, ಮೌಸ್ ಎಂಬ ಪ್ರಾಣಿಯನ್ನು ಅದು ಕಂಡಿಲ್ಲ. ಬೆಳಿಗ್ಗೆ ಬಂದೊಡನೆ ಅದರ ಬಾಯಿಗೆ ಒಂದು ಫ್ಲಾಪಿ ಇಡಬೇಕು. ಅದನ್ನು ಕಟಕಟನೆ ಅಗಿದ ಮೇಲೆ ಪರದೆಯ ಮೂಲೆಯಲ್ಲಿ ಒಂದು ಹಸಿರು ಗೆರೆ ಮಿಣುಕತೊಡಗುತ್ತದೆ, ‘ಏನಪ್ಪಾ, ಹೇಳು’ ಎನ್ನುವ ಹಾಗೆ. ಏನು ಹೇಳುವುದಿದ್ದರೂ ಟೈಪ್ ಮಾಡಿಯೇ ಹೇಳಬೇಕು. ಒಂದಕ್ಷರ ತಪ್ಪಿದರೆ ಅಜ್ಜಿಗೆ ಕಿವಿ ಕೇಳಿಸುವುದಿಲ್ಲ.

ಹದಿನೇಳು ವರ್ಷ ಆ ಹಸಿರನ್ನೇ ದಿಟ್ಟಿಸಿ ದಿಟ್ಟಿಸಿ, ಸಂಜೆ ಮನೆಗೆ ಹೋದರೆ ಗುಮಾಸ್ತರಿಗೆ ಬಿಳಿ ಗೋಡೆ ನಸುಗೆಂಪಾಗಿ ಕಾಣುತ್ತಿತ್ತು. ಉಳಿದ ಹನ್ನೊಂದು ಮೇಜುಗಳಿಗೆ ಎರಡು ವರ್ಷದ ಹಿಂದೆಯೇ ಬಣ್ಣದ ಪರದೆ ಬಂದಿತ್ತು. ಹನ್ನೆರಡನೆಯ ಮೇಜಿನ ಸರದಿ ಬರುವಷ್ಟರಲ್ಲಿ ಅನುದಾನ ಮುಗಿದಿತ್ತು. ಈಗ ಅವರ ನಿವೃತ್ತಿಗೆ ಉಳಿದಿದ್ದದ್ದು ಎರಡೇ ವರ್ಷ. ಅಷ್ಟರೊಳಗೆ ಒಂದು ಬಣ್ಣದ ಪರದೆಯ ಮುಂದೆ ಕೂತು ಕೆಲಸ ಮಾಡಬೇಕು ಎಂಬುದನ್ನು ಬಿಟ್ಟರೆ ಆ ಮನುಷ್ಯನಿಗೆ ಬೇರೆ ಆಸೆ ಇರಲಿಲ್ಲ. ಅದಕ್ಕೆ ಅಜ್ಜಿ ಫೇಲಾದರೆ ಸಾಕು. ಅಜ್ಜಿ ಫೇಲಾಗಲು ಗುಮಾಸ್ತರು ಸುಮ್ಮನೆ ಕೂತರೆ ಸಾಕು.

ಸುಮ್ಮನೆ ಕೂರಲು ಬಿಡುವ ಜನ ಬೇಕಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಹತ್ತಕ್ಕೆ ಎದುರು ಮೇಜಿನ ಪತ್ರಿಕೆ ವಿಭಾಗದ ಮೇಡಂ ಎದ್ದು ಬಂದರು.

“ಮೂರು ಗಂಟೆಗೆ ಅಧಿಕಾರಿ ಬರ್ತಾರಂತೆ. ನಿಮ್ಮ ಗತಿ ಏನ್ರೀ? ನಮ್ಮದೆಲ್ಲ ಒತ್ತಿದ್ರೆ ತೆರ್ಕೊಳುತ್ತೆ. ಎಲ್ಲರ ಮುಂದೆ ನಿಮಗೊಬ್ಬರಿಗೇ ಅವಮಾನ ಆಗುತ್ತಲ್ಲ.”

“ಹಣೇಲಿ ಬರೆದದ್ದು ಮೇಡಂ, ಏನ್ ಮಾಡೋಕಾಗುತ್ತೆ,” ಎಂದರು ಗುಮಾಸ್ತರು, ಸಾಧ್ಯವಾದಷ್ಟು ದುಃಖ ತುಂಬಿಕೊಂಡು. ಅಲ್ಲೇ ಅವರು ಎಡವಿದ್ದು. ದುಃಖ ಸ್ವಲ್ಪ ಹೆಚ್ಚಾಯಿತು. ಮೇಡಂ ಕಣ್ಣು ಒದ್ದೆಯಾಯಿತು. ಅವರು ನೇರವಾಗಿ ಕಿಟಕಿಯ ಬಳಿ ದಿನವಿಡೀ ಪತ್ರಿಕೆ ಓದುತ್ತ ಕೂರುವ ಮುದುಕರ ಹತ್ತಿರ ಹೋದರು.

ಆ ಮುದುಕರು ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ಕೆಲಸದಿಂದ ನಿವೃತ್ತರಾಗಿದ್ದರೇ ಹೊರತು ತಂತಿಯಿಂದಲ್ಲ. ಕನ್ನಡಕ ಏರಿಸಿಕೊಂಡು ಬಂದು ಅಜ್ಜಿಯನ್ನು ಹಿಂದಿನಿಂದ, ಮುಂದಿನಿಂದ ನೋಡಿದರು.

“ಯಾರು ಹೇಳಿದ್ದು ಇದರಲ್ಲಿ ಆಗಲ್ಲ ಅಂತ? ನಮ್ಮನೇಲಿ ಇಂಥದೇ ಒಂದಿದೆ. ನಾನು ಅದರಲ್ಲೇ ಸುದ್ದಿ ಓದೋದು.”

“ಇದಕ್ಕೆ ಚಿತ್ರ ಬರಲ್ಲ ಯಜಮಾನ್ರೆ,” ಎಂದರು ಗುಮಾಸ್ತರು, ಸ್ವಲ್ಪ ಗಾಬರಿಯಾಗಿ.

“ಸುತ್ತೋಲೆಯಲ್ಲಿ ಪುಟ ಅಂತ ಇದೆ. ಚಿತ್ರ ಅಂತ ಇದೆಯಾ? ಬರೀ ಅಕ್ಷರ ತೋರಿಸೋ ಬ್ರೌಸರು ಒಂದೇ ಫ್ಲಾಪಿಲಿ ಕೂರುತ್ತೆ. ತರ್ತೀನಿ ಇರಿ.”

“ಮನೇಲೇ ಎಲ್ಲಾ ಇದ್ರೆ ಇಲ್ಲಿಗ್ಯಾಕೆ ಬರ್ತೀರಿ?”

“ಫೋನ್ ಲೈನು ಹಿಡ್ಕೊಂಡು ಕೂತ್ರೆ ಸೊಸೆ ಬೈತಾಳೆ,” ಎಂದು ಹೇಳಿ ಲೈನ್‌ಮನ್ ಹೊರಟೇಬಿಟ್ಟರು.

ಅರ್ಧ ಗಂಟೆಯಲ್ಲಿ ಒಂದು ಚೀಲದೊಡನೆ ಹಾಜರು. ಒಳಗೆ ಒಂದು ಫ್ಲಾಪಿ, ಇಟ್ಟಿಗೆ ಗಾತ್ರದ ಒಂದು ಪೆಟ್ಟಿಗೆ. ಪೆಟ್ಟಿಗೆಯ ಹೆಸರು ಮೋಡೆಮ್. ಕಂಪ್ಯೂಟರನ್ನು ಫೋನ್ ತಂತಿಯ ಮೂಲಕ ಜಾಲಕ್ಕೆ ಸೇರಿಸುವುದು ಅದರ ಕೆಲಸ. ಗುಮಾಸ್ತರ ಮೇಜಿನ ಫೋನ್ ತಂತಿಯನ್ನು ಅದಕ್ಕೆ ಸಿಕ್ಕಿಸಿದ್ದೇ ತಡ, ಬಾಲ ತುಳಿಸಿಕೊಂಡ ಬೆಕ್ಕಿನಂತೆ ಅದು ಕಿರುಚಿಕೊಂಡಿತು. ಓದುಗರೆಲ್ಲ ತಲೆ ಎತ್ತಿದರು. ಕಿರುಚಾಟ ನಿಂತಿತು. ಕಪ್ಪು ಪರದೆಯ ಮೇಲೆ ಒಂದೊಂದೇ ಹಸಿರು ಸಾಲು ಇಳಿಯತೊಡಗಿತು: ‘ಪ್ರಧಾನ ಕಚೇರಿಗೆ ಸ್ವಾಗತ.’

ಎಲ್ಲರೂ ಚಪ್ಪಾಳೆ ತಟ್ಟಿದರು. ಗುಮಾಸ್ತರೂ ತಟ್ಟಿದರು, ಎಲ್ಲರಿಗಿಂತ ಸ್ವಲ್ಪ ತಡವಾಗಿ.

ಲೈನ್‌ಮನ್ ಚಹಾ ಕುಡಿಯಲು ಹೋದಾಗ ಗುಮಾಸ್ತರು ಬ್ರೌಸರಿನ ಫ್ಲಾಪಿಯನ್ನು ಎಗರಿಸಿದರು. ಎಲ್ಲಿ ಬಚ್ಚಿಡುವುದೆಂದು ಅವರಿಗೆ ಯೋಚಿಸಬೇಕಾಗಿರಲಿಲ್ಲ. ಗ್ರಂಥಾಲಯದಲ್ಲಿ ಯಾರೂ ಮುಟ್ಟದ ಪುಸ್ತಕ ಯಾವುದೆಂದು ಕ್ಯಾಟಲಾಗ್ ಮಾಡಿದವನಿಗಲ್ಲದೆ ಇನ್ಯಾರಿಗೆ ಗೊತ್ತು? ಜೇನು ಸಾಕಣೆಯ ಕೈಪಿಡಿಯ ಐದನೇ ಸಂಪುಟ, ಮೇಲಿನ ಕಪಾಟು. ಅವಸರದಲ್ಲಿ ಎಳೆದ ರಭಸಕ್ಕೆ ಅದರ ಬೆನ್ನಪಟ್ಟಿ ಕಿತ್ತು ಬಂತು. ಫ್ಲಾಪಿ ತುರುಕಿ, ಪುಸ್ತಕವನ್ನು ಹಾಗೇ ಒಳಗೆ ನೂಕಿ ಬಂದು ಕೂತರು.

ಹತ್ತು ನಿಮಿಷದಲ್ಲಿ ಗ್ರಂಥಾಲಯದ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್ ಆ ಪುಸ್ತಕ ಹಿಡಿದುಕೊಂಡು ಬಂದ. ಬೆನ್ನು ಹರಿದ ಪುಸ್ತಕ ಕಂಡರೆ ಅವನಿಗೆ ಗಾಯಾಳು ಕಂಡಷ್ಟೇ ಕನಿಕರ.

“ಸಾರ್, ಐದನೇ ಸಂಪುಟದ ಬೆನ್ನು ಯಾರೋ ಕಿತ್ತಿದಾರೆ. ಒಳಗೆ ನೋಡಿದ್ರೆ ನಿಮ್ಮ ಫ್ಲಾಪಿ.”

ಲೈನ್‌ಮನ್ ಚಹಾ ಮುಗಿಸಿ ಬಂದು ಫ್ಲಾಪಿ ಇಸಿದುಕೊಂಡರು. ಅಷ್ಟರಲ್ಲಿ ಮೇಡಂ ಮೇಜಿನ ಹಿಂದೆ ಬಗ್ಗಿ, “ಇಲ್ಲಿ ಫೋನ್ ತಂತಿನೂ ಕಿತ್ತಿದೆ ನೋಡಿ,” ಎಂದರು. ಅದೂ ಗುಮಾಸ್ತರದೇ ಕೈಚಳಕ. ಒಂದು ಕೆಲಸ ಹಿಡಿದರೆ ಪೂರ್ತಿ ಮಾಡುವ ಅಭ್ಯಾಸ ಅವರದು.

ಮೂವರೂ ಮುಖ ಮುಖ ನೋಡಿಕೊಂಡರು.

“ಇದು ತಾನಾಗಿ ಆದದ್ದಲ್ಲ,” ಎಂದರು ಮೇಡಂ ದನಿ ತಗ್ಗಿಸಿ. “ನಿಮಗೆ ಆಗದವರು ಯಾರೋ ಇಲ್ಲೇ ಇದಾರೆ ಕಣ್ರೀ.”

“ನನಗೆ ಶತ್ರುಗಳು ಯಾರೂ ಇಲ್ಲ ಮೇಡಂ.”

“ಒಳ್ಳೆಯವರು ಹಾಗೇ ಅಂದ್ಕೊಂಡಿರ್ತಾರೆ.”

ಗುಮಾಸ್ತರಿಗೆ ನಿಜವಾಗಿಯೂ ನಾಚಿಕೆಯಾಯಿತು. ಹದಿನೇಳು ವರ್ಷದಲ್ಲಿ ಊಟ ಆಯಿತೇ ಎಂದು ಕೇಳದವರು ಈಗ ಅವರ ಸುತ್ತ ಕೋಟೆ ಕಟ್ಟಿ ನಿಂತಿದ್ದರು. ಈ ಪ್ರೀತಿಯ ಕಾಲುಭಾಗ ಮೊದಲೇ ಸಿಕ್ಕಿದ್ದರೆ ಬಣ್ಣದ ಪರದೆಯ ಆಸೆಯೇ ಹುಟ್ಟುತ್ತಿರಲಿಲ್ಲವೇನೋ. ಎಲ್ಲವನ್ನೂ ಹೇಳಿಬಿಡೋಣ ಎಂದು ಬಾಯಿ ತೆರೆದರು. ಆದರೆ ಮೇಡಂ ಮೇಜಿನ ಮೇಲೆ ನೀಲಿ ಹಳದಿ ಮೀನುಗಳು ಪರದೆಯ ಈ ತುದಿಯಿಂದ ಆ ತುದಿಗೆ ಈಜುತ್ತಿದ್ದವು. ಬಾಯಿ ಮುಚ್ಚಿಕೊಂಡರು.

ಅಂದಿನಿಂದ, ಅಂದರೆ ಹನ್ನೆರಡು ಗಂಟೆಯಿಂದ, ಕಾವಲು ಶುರುವಾಯಿತು. ಬೈಂಡರ್ ತನ್ನ ಸ್ಟೂಲು, ಗೋಂದಿನ ಡಬ್ಬಿ ಎಲ್ಲ ತಂದು ಅಜ್ಜಿಯ ಪಕ್ಕದಲ್ಲೇ ಬೀಡುಬಿಟ್ಟ. ಮೇಡಂ ಎದುರಿನಿಂದ ರೆಪ್ಪೆ ಬಡಿಯದೆ ನೋಡುತ್ತಿದ್ದರು. ತಮ್ಮದೇ ಕಂಪ್ಯೂಟರನ್ನು ಮುಟ್ಟಲು ಗುಮಾಸ್ತರಿಗೆ ಅವಕಾಶವಿಲ್ಲದಂತಾಯಿತು.

ಎರಡೂವರೆಗೆ ಲೈನ್‌ಮನ್ ಬಂದು ಅವರ ಕಿವಿಯ ಹತ್ತಿರ ಬಗ್ಗಿದರು.

“ಮೆಟ್ಟಿಲ ಕೆಳಗೆ ಮರದ ಪೆಟ್ಟಿಗೆ ಇದೆಯಲ್ಲ, ಇಡೀ ಕಟ್ಟಡದ ತಂತಿಗಳು ಸೇರೋದು ಅಲ್ಲೇ. ಎಲ್ಲಾ ಒಂದೇ ಬೂದು ಬಣ್ಣ. ಗುರುತಿಗಿರಲಿ ಅಂತ ಅಜ್ಜಿಯ ತಂತಿಗೆ ಕೆಂಪು ದಾರ ಕಟ್ಟಿದೀನಿ. ದಾರ ಕೊಟ್ಟ ಬೈಂಡರಿಗೆ ಗೊತ್ತು, ನನಗೆ ಗೊತ್ತು, ಈಗ ನಿಮಗೆ ಗೊತ್ತು. ಇನ್ನೊಬ್ಬರ ಕಿವಿಗೆ ಬೀಳಬಾರದು.”

ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗಾಯಿತು. ಗುಮಾಸ್ತರು ಗಂಭೀರವಾಗಿ ತಲೆಯಾಡಿಸಿದರು.

ಸರಿಯಾಗಿ ಮೂರಕ್ಕೆ ಅಧಿಕಾರಿ ಬಂದರು. ತೆಳ್ಳಗಿನ ಮನುಷ್ಯ. ಕಂಕುಳಲ್ಲಿ ಫಾರಂ ಪುಸ್ತಕ. ಒಂದು ಸಲ ಬರೆದರೆ ನಾಲ್ಕು ಪ್ರತಿ ಮೂಡುವಂತೆ ನಡುನಡುವೆ ಕಾರ್ಬನ್. ಯಾರ ಮುಖವನ್ನೂ ನೋಡದೆ, “ಹಳೇದರಿಂದ ಶುರು ಮಾಡೋಣ,” ಎಂದರು. ಎಲ್ಲರೂ ಅಜ್ಜಿಯ ಸುತ್ತ ಮುಗಿಬಿದ್ದರು. ಲೈನ್‌ಮನ್ ತೋಳು ಮಡಚಿಕೊಂಡು ಕೀಲಿಮಣೆಯ ಮುಂದೆ ಕೂತರು.

“ಸಾರ್‌ಗೆ ನೀರು ತರ್ತೀನಿ,” ಎಂದು ಗುಮಾಸ್ತರು ಜಾರಿಕೊಂಡರು.

ಮೆಟ್ಟಿಲ ಕೆಳಗೆ ಧೂಳು, ಮುರಿದ ಕುರ್ಚಿಗಳು, ಮರದ ಪೆಟ್ಟಿಗೆ. ಬೂದು ತಂತಿಗಳ ನಡುವೆ ಕೆಂಪು ದಾರ ಎದ್ದು ಕಾಣುತ್ತಿತ್ತು. ‘ತಾಯಿ, ಹದಿನೇಳು ವರ್ಷ ದುಡಿದೆ, ಇನ್ನು ಸುಮ್ಮನೆ ಮಲಗು,’ ಎಂದುಕೊಂಡು ಗುಮಾಸ್ತರು ಆ ತಂತಿಯನ್ನು ಹಿಡಿದು ಒಂದೇ ಸಲ ಎಳೆದರು. ಬಂತು. ಕೈ ಒರೆಸಿಕೊಂಡು, ಲೋಟಕ್ಕೆ ನೀರು ತುಂಬಿ, ಮನಸ್ಸಿನಲ್ಲೇ ಹೊಸ ಪರದೆಯ ಮೇಲೆ ಮೀನು ಬಿಡುತ್ತ ಮೇಲೆ ಬಂದರು.

ಅಜ್ಜಿಯ ಪರದೆಯ ಮೇಲೆ ಸಾಲುಗಳು ಇಳಿಯುತ್ತಿದ್ದವು. ‘ಪ್ರಧಾನ ಕಚೇರಿಗೆ ಸ್ವಾಗತ.’

ಲೋಟದ ನೀರು ಅರ್ಧ ಅವರ ಅಂಗಿಯ ಮೇಲಾಯಿತು. ಅಧಿಕಾರಿ ‘ತೆರೆಯಿತು’ ಎಂಬಲ್ಲಿ ಗುರುತು ಹಾಕಿ, ಉಳಿದ ನೀರು ಕುಡಿದು, ಮೇಡಂ ಮೇಜಿಗೆ ನಡೆದರು.

ಮೇಡಂ ಒತ್ತಿದರು. ಪರದೆಯ ಮೇಲಿನ ಮರಳು ಗಡಿಯಾರ ತಿರುಗಿತು, ಮತ್ತೆ ತಿರುಗಿತು. ಪುಟ ಸಿಗಲಿಲ್ಲ ಎಂದು ಕಂಪ್ಯೂಟರು ಬಣ್ಣಬಣ್ಣದಲ್ಲಿ ತಿಳಿಸಿತು.

“ಬೆಳಿಗ್ಗೆ ತೆರೀತಿತ್ತು ಸಾರ್.”

“ಬೆಳಿಗ್ಗೆ ನಾನಿರಲಿಲ್ಲ,” ಎಂದು ಅಧಿಕಾರಿ ‘ತೆರೆಯಲಿಲ್ಲ’ ಎಂಬಲ್ಲಿ ಗುರುತು ಹಾಕಿದರು. ಮುಂದಿನ ಮೇಜಿನಲ್ಲೂ ಅದೇ ಕತೆ. ಹನ್ನೊಂದು ಮೇಜು, ಹನ್ನೊಂದು ಗುರುತು, ನಾಲ್ಕು ನಾಲ್ಕು ಪ್ರತಿ.

ಹನ್ನೊಂದನೆಯದು ಮುಗಿಯುವ ಹೊತ್ತಿಗೆ, ಅನುಮಾನ ಬಂದು ಕೆಳಗಿಳಿದಿದ್ದ ಲೈನ್‌ಮನ್ ಒಂದು ಬೂದು ತಂತಿಯ ತುದಿ ಹಿಡಿದುಕೊಂಡು ಬಂದರು. ತುದಿಯಲ್ಲಿ ಕೆಂಪು ದಾರ ತೂಗುತ್ತಿತ್ತು.

“ಇದು ಅಜ್ಜಿಯ ತಂತಿ ಅಲ್ಲ. ಹನ್ನೊಂದು ಕಂಪ್ಯೂಟರಿಗೂ ಜಾಲ ಬರೋ ತಂತಿ. ಯಾರೋ ಕಿತ್ತಿದಾರೆ. ಆದ್ರೆ ದಾರ ಇದಕ್ಕೆ ಹೇಗೆ ಬಂತು?”

ಬೈಂಡರ್ ಎದೆಯುಬ್ಬಿಸಿ ಮುಂದೆ ಬಂದ. “ನಾನೇ ಸಾರ್. ಕೆಂಪು ದಾರ ಕಂಡ್ರೆ ಆ ಕಿಡಿಗೇಡಿ ಅದನ್ನೇ ಕೀಳ್ತಾನೆ ಅನ್ನಿಸ್ತು. ಬಿಚ್ಚಿ ಪಕ್ಕದ ತಂತಿಗೆ ಕಟ್ಟಿದೆ. ನೋಡಿ, ಅಂದ್ಕೊಂಡ ಹಾಗೇ ಆಯ್ತು.”

ಗುಮಾಸ್ತರಿಗೆ ಇನ್ನೂ ಒಂದು ಎಳೆ ಆಸೆ ಉಳಿದಿತ್ತು. “ಹಾಗಾದ್ರೆ ತಂತಿ ಸಿಕ್ಕಿಸಿ ಎಲ್ಲಾನೂ ಇನ್ನೊಂದ್ಸಲ ಪರೀಕ್ಷೆ ಮಾಡಿ ಸಾರ್. ನನ್ನದನ್ನೂ.”

“ತಂತಿ ಕಿತ್ತಿದ್ದಕ್ಕೆ ಫಾರಂನಲ್ಲಿ ಜಾಗ ಇಲ್ಲ. ತೆರೀತಾ, ಇಲ್ವಾ, ಎರಡೇ. ಈ ಹನ್ನೊಂದಕ್ಕೂ ಬದಲು ಹೊಸದು ಬರುತ್ತೆ.”

“ಹಾಗಿದ್ರೆ ತೆಗೆಯೋ ಹನ್ನೊಂದರಲ್ಲಿ ಒಂದನ್ನ ನನಗೆ...”

“ಪುಟ ತೆರೆಯದ ಕಂಪ್ಯೂಟರು ನಿಮಗ್ಯಾಕ್ರೀ? ಅದು ಗುಜರಿಗೆ. ನಿಮ್ಮದು ಪಾಸಾಗಿದೆ. ಪಾಸಾದದ್ದನ್ನ ಐದು ವರ್ಷ ಬದಲಾಯಿಸೋ ಹಾಗಿಲ್ಲ.”

ಮೇಡಂ ಸಂತೋಷ ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಧಿಕಾರಿ ಫಾರಂ ಪುಸ್ತಕ ಮಡಚಿ, ಮೊದಲ ಸಲ ಎಲ್ಲರ ಮುಖಗಳನ್ನೂ ಒಂದೊಂದಾಗಿ ನೋಡಿದರು.

“ಆದ್ರೆ ಸರ್ಕಾರಿ ತಂತಿ ಕಿತ್ತವನನ್ನ ಬಿಡೋ ಹಾಗಿಲ್ಲ. ಇದರಿಂದ ಲಾಭ ಆಗಿದ್ದು ಯಾರಿಗೆ? ಹನ್ನೊಂದು ಜನಕ್ಕೆ. ಅವರೆಲ್ಲರ ಮೇಲೂ ಸಂಶಯ ಇದೆ. ಏನೂ ಸಿಗದವರು ಇವರೊಬ್ಬರೇ.” ಅವರ ಪೆನ್ನು ಗುಮಾಸ್ತರ ಕಡೆ ತಿರುಗಿತು. “ವಿಚಾರಣೆ ಇವರೇ ಮಾಡ್ಲಿ. ಕಿತ್ತವನ ಹೆಸರು ಸೋಮವಾರದೊಳಗೆ ನನಗೆ ಬರಬೇಕು. ಬರದಿದ್ರೆ ಪೊಲೀಸಿಗೆ ಬರೀತೀನಿ. ಈ ಕಂಪ್ಯೂಟರಿಂದಲೇ ಕಳಿಸಿ, ಇಲ್ಲಿ ಕೆಲಸ ಮಾಡೋದು ಇದೊಂದೇ.”

ಅಧಿಕಾರಿ ಹೊರಟುಹೋದರು. ಗುಮಾಸ್ತರು ಅಜ್ಜಿಯ ಮುಂದೆ ಕುಸಿದು ಕೂತರು. ಕಪ್ಪು ಪರದೆಯ ಮೂಲೆಯಲ್ಲಿ ಹಸಿರು ಗೆರೆ ಮಿಣುಕುತ್ತಿತ್ತು: ಏನಪ್ಪಾ, ಹೇಳು.

ಮೇಡಂ ತಮ್ಮ ಕುರ್ಚಿಯನ್ನು ಎಳೆದುಕೊಂಡು ಬಂದು ಎಡಕ್ಕೆ ಕೂತರು. ಬೈಂಡರ್ ಸ್ಟೂಲು ಹಾಕಿಕೊಂಡು ಬಲಕ್ಕೆ ಕೂತ. ಲೈನ್‌ಮನ್ ಹಿಂದೆ ನಿಂತು ಗುಮಾಸ್ತರ ಹೆಗಲ ಮೇಲೆ ಕೈಯಿಟ್ಟರು.

“ನೀವೇನೂ ಚಿಂತೆ ಮಾಡ್ಬೇಡಿ. ಅವನು ಯಾರೇ ಆಗಿರ್ಲಿ, ನಾವು ಹಿಡಿದು ಕೊಡ್ತೀವಿ. ಮೊದಲು ಒಂದು ಪಟ್ಟಿ ಮಾಡಿ, ಪಟ್ಟಿ ಮಾಡೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ. ಕೆಂಪು ದಾರದ ವಿಷಯ ಯಾರ್ಯಾರಿಗೆ ಗೊತ್ತಿತ್ತು? ಹೂಂ, ಬರ್ಕೊಳಿ.”