ಅಕ್ಕನ ಕಿಡ್ನಿ ಮತ್ತು ನೀಲವ್ವನ ಕಷಾಯ

ನಮ್ಮ ಕಡೆ ಹಾಸಿಗೆ ಹಿಡಿದವನಿಗೆ ಒಂದು ಸುಖ ಇದೆ. ಊರ ಜನರೆಲ್ಲ ಮಾತನಾಡಿಸಲು ಬರುತ್ತಾರೆ. ಬಾಳೆಹಣ್ಣೋ ಬಿಸ್ಕೀಟಿನ ಪುಡಿಕೆಯೋ ತಂದು, ಮಂಚದ ಅಂಚಿಗೆ ಕುಳಿತು, ತಮ್ಮ ಸೋದರಮಾವನಿಗೂ ಇದೇ ಬೇನೆ ಬಂದು ಅವನು ಹೇಗೆ ತೀರಿಕೊಂಡ ಎಂಬುದನ್ನು ಸವಿಸ್ತಾರವಾಗಿ ಹೇಳಿ, ಚಹಾ ಕುಡಿದು ಹೋಗುತ್ತಾರೆ. ರೋಗಿಗೆ ಅರ್ಧ ಜೀವ ಹೋದಂತಾದರೂ ತನ್ನನ್ನು ಕೇಳುವವರಿದ್ದಾರೆ ಎಂಬ ಸಮಾಧಾನ ಉಳಿಯುತ್ತದೆ. ಯಲಬುರ್ಗಾದಲ್ಲಿ ಅಲ್ಲಿಯವರೆಗೆ ಯಾರೂ ಹೆಸರು ಕೇಳಿರದಂಥ ದೊಡ್ಡ ಕಾಯಿಲೆ ಸಂಪಾದಿಸಿಯೂ ನನಗೆ ಈ ಸುಖ ದಕ್ಕಲಿಲ್ಲ.

ಎಂಬತ್ತರ ದಶಕದ ಮಾತು. ನಾನು ಅಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಮದುವೆಯಾಗಿರಲಿಲ್ಲ. ಕನ್ಯೆ ನೋಡಲು ಹೋದಲ್ಲೆಲ್ಲ ಉಪ್ಪಿಟ್ಟು ತಿಂದು ಬಂದದ್ದಷ್ಟೇ ಲಾಭ. ಹೀಗಿರಲು ನನ್ನ ಎರಡೂ ಕಿಡ್ನಿಗಳು ಕೈಕೊಟ್ಟವು. ಕಾರಟಗಿಗೆ ಕೊಟ್ಟಿದ್ದ ನನ್ನ ಅಕ್ಕ ಗಂಗಕ್ಕ ಸುದ್ದಿ ತಿಳಿದು ಬಂದವಳೇ, "ನನಗ ಎರಡ ಅದಾವಂತಲ್ಲೋ ತಮ್ಮಾ, ಒಂದ ನೀ ತಗೋ" ಎಂದಳು. ಮನೆಯಲ್ಲಿ ಎರಡು ಕೊಡಪಾನ ಇದ್ದರೆ ಒಂದನ್ನು ಕೊಡುವಷ್ಟೇ ಸಲೀಸಾಗಿ ಹೇಳಿದಳು. ಮದರಾಸಿನ ಕಡೆಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಅವಳದು ತೆಗೆದು ನನಗೆ ಜೋಡಿಸಿದರು.

ಜೋಡಿಸುವುದು ಸುಲಭ, ಉಳಿಸಿಕೊಳ್ಳುವುದೇ ಕಷ್ಟ ಎಂದು ಅಲ್ಲಿಯ ಡಾಕ್ಟರು ತಿಳಿಸಿ ಹೇಳಿದರು. ಒಳಗೆ ಬಂದದ್ದು ತನ್ನದಲ್ಲ ಎಂದು ಮೈಗೆ ಗೊತ್ತಾಗಿಬಿಡುತ್ತದಂತೆ. ಗೊತ್ತಾದ ಮೇಲೆ ಅದನ್ನು ಹಾಳುಮಾಡದೆ ಬಿಡುವುದಿಲ್ಲವಂತೆ. ಒಡಹುಟ್ಟಿದವಳದು ಎಂದು ತುಸು ಮರ್ಯಾದೆ ಕೊಡಬಹುದು, ಅಷ್ಟೇ. ಆದ್ದರಿಂದ ಮೈಯ ಶಕ್ತಿಯನ್ನೇ ಕುಗ್ಗಿಸುವ ಗುಳಿಗೆಗಳನ್ನು ಜೀವನಪೂರ್ತಿ ನುಂಗಬೇಕು. ಇದಕ್ಕಿಂತ ಒಳ್ಳೆಯ ಔಷಧಿಯೊಂದನ್ನು ಹೊರದೇಶದವರು ಮಣ್ಣಿನಲ್ಲಿ ಬೆಳೆಯುವ ಬೂಷ್ಟಿನಿಂದ ತೆಗೆದಿದ್ದಾರೆ, ಅದು ನಮ್ಮಂಥವರ ಕೈಗೆ ಎಟುಕಲು ಇನ್ನೂ ಕಾಲ ಬೇಕು ಎಂದರು. ಮಣ್ಣಿಗೇನೂ ಯಲಬುರ್ಗಾದಲ್ಲಿ ಬರವಿಲ್ಲವಲ್ಲ ಎಂದು ನಾನು ಅಂದುಕೊಂಡೆ. 'ಬಿಳಿ ರಕ್ತಕಣಗಳು ನಮ್ಮ ದೇಹದ ಸೈನಿಕರು, ಬರೆದುಕೊಳ್ಳಿ' ಎಂದು ವರ್ಷವರ್ಷವೂ ಮಕ್ಕಳಿಗೆ ಬರೆಸಿದವನು ನಾನು. ಈಗ ಅದೇ ಸೈನಿಕರು ಎಲ್ಲಿ ಎದ್ದುಬಿಡುತ್ತಾರೋ ಎಂದು ಹೆದರಿ ಕೂಡ್ರುವ ಪಾಳಿ ನನ್ನದಾಯಿತು.

ಸೈನಿಕರು ಮಲಗಿದರೆ ಕಂಡಕಂಡ ರೋಗ ಒಳಗೆ ನುಗ್ಗುತ್ತದೆ. ಹಾಗಾಗಿ ಕೆಲವು ತಿಂಗಳು ರಜೆ ಹಾಕಿ ಮನೆಯಲ್ಲೇ ಇರಬೇಕು, ಜನರನ್ನು ಹತ್ತಿರ ಬಿಟ್ಟುಕೊಳ್ಳಬಾರದು ಎಂದು ಅಪ್ಪಣೆಯಾಯಿತು. ಊರಿಗೆ ಬಂದ ಮೊದಲ ದಿನವೇ ಅಂಗಳದ ತುಂಬ ಜನ. ನಾನು ಬಾಯಿಗೆ ಬಟ್ಟೆ ಕಟ್ಟಿಕೊಂಡು ದೂರ ನಿಂತದ್ದು ನೋಡಿ ಹಿರಿಯರೊಬ್ಬರು, "ಯಾಕ್ರೀ ಮಾಸ್ತರ, ನಮ್ಮ ವಾಸನಿ ಬಡೀತೈತೇನು?" ಎಂದು ಸಿಟ್ಟಾದರು. ಇನ್ನೊಬ್ಬರು, ಗುಳಿಗೆಯ ದೆಸೆಯಿಂದ ಊದಿ ದುಂಡಗಾಗಿದ್ದ ನನ್ನ ಮುಖ ನೋಡಿ, "ಅಕ್ಕನ ಕಿಡ್ನಿ ಭಾಳ ಛಲೋ ಮೈಗೆ ಹತ್ತೈತಿ ಬಿಡ್ರಿ" ಎಂದು ಸಂತೋಷಪಟ್ಟರು. ಮರುದಿನ ನಾನು ರಟ್ಟಿನ ಮೇಲೆ 'ದಯವಿಟ್ಟು ಯಾರೂ ಒಳಗೆ ಬರಬಾರದು' ಎಂದು ದೊಡ್ಡದಾಗಿ ಬರೆದು ಬಾಗಿಲಿಗೆ ತೂಗುಹಾಕಿದೆ. ನಮ್ಮೂರಿನಲ್ಲಿ ಗೋಡೆಯ ಮೇಲೆ ಬರೆದದ್ದನ್ನು ಜನ ಪಾಲಿಸಿದ್ದು ನಾನು ಕಂಡಿಲ್ಲ. ಬೇಡ ಎಂದು ಬರೆದಲ್ಲಿಯೇ ಎಲ್ಲವನ್ನೂ ಮಾಡುತ್ತಾರೆ. ಆದರೆ ನನ್ನ ರಟ್ಟನ್ನು ಮಾತ್ರ ಊರಿಗೆ ಊರೇ ಪಾಲಿಸಿತು.

ನನಗೆ ಬಹಳ ಒಂಟಿ ಅನಿಸತೊಡಗಿತು. ಗಂಗಕ್ಕ ಕಾರಟಗಿಯಲ್ಲಿ ಹಾಸಿಗೆಯ ಮೇಲಿದ್ದಳು. ರೇಡಿಯೋದಲ್ಲಿ ವಾರ್ತೆ ಓದುವವರು ನಮಸ್ಕಾರ ಎಂದರೆ ನಾನೂ ಕೈಮುಗಿದು ನಮಸ್ಕಾರ ಎನ್ನುವ ಮಟ್ಟಕ್ಕೆ ಬಂದಿದ್ದೆ. ಕಿಟಕಿಯಲ್ಲಿ ನಿಂತು, ಶಾಲೆಗೆ ಹೋಗುವ ಮಕ್ಕಳು ನನ್ನ ಮನೆ ಬಂದ ಕೂಡಲೇ ರಸ್ತೆಯ ಆಚೆ ಬದಿಗೆ ಸರಿಯುವುದನ್ನು ನೋಡುತ್ತಿದ್ದೆ.

ಇಂಥ ಹೊತ್ತಿನಲ್ಲಿ ಹಿತ್ತಲ ಗೋಡೆಯಾಚೆಯ ಮನೆಯ ನೀಲವ್ವ ಬಂದಳು. ಒಂಟಿ ಮುದುಕಿ, ಮಗ ಸೊಸೆ ಗಂಗಾವತಿಯಲ್ಲಿ. ಅವಳಿಗೆ ಓದು ಬಾರದ್ದರಿಂದ ನನ್ನ ರಟ್ಟು ಅವಳನ್ನು ತಡೆಯಲಿಲ್ಲ. ಹೊಸ್ತಿಲ ಹೊರಗೇ ಕುಳಿತು ತಂಬಿಗೆಯನ್ನು ಒಳಗೆ ಸರಿಸಿದಳು. "ಅಮೃತಬಳ್ಳಿ ಕಷಾಯ ಐತ್ರಿ ಮಾಸ್ತರ. ದಿನಾ ಕುಡದ್ರ ಮೈಯಾಗ ಶಕ್ತಿ ಬರತೈತಿ. ಹೊರಗಿಂದ ಬಂದದ್ದು ಒಂದೂ ಒಳಗ ನಿಂದ್ರಂಗಿಲ್ಲ!"

ಹೊರಗಿನಿಂದ ಬಂದದ್ದನ್ನು ಒಳಗೆ ನಿಲ್ಲಿಸಿಕೊಳ್ಳಲೆಂದೇ ನಾನು ಇಷ್ಟೆಲ್ಲ ಪಾಡುಪಡುತ್ತಿದ್ದೆ. ಬೇಡವೆನ್ನಬೇಕಿತ್ತು. ಆದರೆ ಅಷ್ಟರಲ್ಲಿ ಅವಳು ತನ್ನ ಎಮ್ಮೆ ತಪ್ಪಿಸಿಕೊಂಡು ಕುಷ್ಟಗಿ ಬಸ್ಸಿಗೆ ಅಡ್ಡ ಮಲಗಿದ ಕಥೆ ಶುರುಮಾಡಿದ್ದಳು. ಬೇಡವೆಂದರೆ ಕಥೆಯೂ ನಿಲ್ಲುತ್ತದೆ, ನಾಳೆ ಅವಳೂ ಬರುವುದಿಲ್ಲ. ಆಮೇಲೆ ಕುಡಿಯುತ್ತೇನೆ ಎಂದರೆ, "ನನ್ನ ಮುಂದ ಕುಡೀರಿ" ಎನ್ನುತ್ತಿದ್ದಳು. ಕೊನೆಗೆ ಉಪಾಯ ಹೊಳೆಯಿತು. ಒಂದು ಗುಟುಕನ್ನು ಬಾಯಲ್ಲೇ ಇಟ್ಟುಕೊಂಡು ಕೂಡ್ರುವುದು, ಅವಳು ಎದ್ದುಹೋದ ಮೇಲೆ ಬಚ್ಚಲಿಗೆ ಉಗುಳುವುದು, ಉಳಿದದ್ದನ್ನು ಚೆಲ್ಲುವುದು. ಕೆನ್ನೆ ಮೊದಲೇ ಊದಿದ್ದರಿಂದ ಅವಳಿಗೆ ಗೊತ್ತಾಗುತ್ತಿರಲಿಲ್ಲ. ತೊಂದರೆಯೆಂದರೆ, ನೀಲವ್ವ ಕಥೆಯ ನಡುವೆ ಪ್ರಶ್ನೆ ಕೇಳುತ್ತಿದ್ದಳು. "ಡ್ರಾಯವರ್‍ರ ಬೈಬೋದೇನ್ರಿ ನಮ್ಮ ಎಮ್ಮಿನ? ನೀವಽ ಹೇಳ್ರಿ!" ಎಂದಾಗ ಗಂಟಲಿಗೆ ಇಳಿಸದೆ ಉತ್ತರ ಹೇಳುವುದು ಹೇಗೆ? ದಿನವೂ ಅವಳು ಕೇಳಿದಳು, ದಿನವೂ ನಾನು ನುಂಗಿದೆ.

ಮುಂದಿನ ತಪಾಸಣೆಯಲ್ಲಿ ರಕ್ತ ನೋಡಿ ಡಾಕ್ಟರ ಮುಖ ಗಂಭೀರವಾಯಿತು. ಮೈ ಅಕ್ಕನ ಕಿಡ್ನಿಯ ಮೇಲೆ ತಿರುಗಿಬಿದ್ದಿತ್ತು. ಏನು ಸೇವಿಸಿದೆ ಎಂದು ಬಿಡಿಸಿ ಕೇಳಿದಾಗ ಕಷಾಯದ ಸಂಗತಿ ಹೇಳಿದೆ. ಡಾಕ್ಟರು, ಅದೇ ಕಾರಣವೆಂದು ಖಚಿತವಾಗಿ ಹೇಳಲಾರೆ, ಅದನ್ನು ಇನ್ನೂ ಯಾರೂ ಪರೀಕ್ಷಿಸಿ ನೋಡಿಲ್ಲ, ನಿನ್ನ ಮೇಲೆ ಆ ಪ್ರಯೋಗ ಬೇಡ ಎಂದು ಗದರಿ, ಹಾಸಿಗೆಗೆ ಹಾಕಿ ಸೂಜಿ ಚುಚ್ಚಿದರು. ಸುದ್ದಿ ತಿಳಿದು ಗಂಗಕ್ಕ ಅಷ್ಟು ದೂರ ಓಡಿಬಂದಳು. "ಯಾಕೋ ತಮ್ಮಾ, ನಂದು ಸರಿ ಕೆಲಸ ಮಾಡವಲ್ದೇನು?" ಎಂದು ತಾನೇ ತಪ್ಪು ಮಾಡಿದವಳಂತೆ ಸಣ್ಣ ದನಿಯಲ್ಲಿ ಕೇಳಿದಳು. ಅವಳ ಮುಖ ನೋಡಲು ನನ್ನಿಂದಾಗಲಿಲ್ಲ. ಗೋಡೆಯ ಕಡೆ ಹೊರಳಿ ಅತ್ತೆ.

ದೇವರು ದೊಡ್ಡವನು, ಕಿಡ್ನಿ ಉಳಿಯಿತು. ಊರಿಗೆ ಬಂದವನೇ ನೀಲವ್ವನಿಗೆ ಎಲ್ಲವನ್ನೂ ಹೇಳಿದೆ. "ಅಂದ್ರ ನಿಮ್ಮ ಅಕ್ಕನ್ನ ನಾನಽ ಹೊರಗ ಹಾಕಾಕ ಹತ್ತಿದ್ನೇನ್ರಿ?" ಎಂದು ತಂಬಿಗೆ ಎತ್ತಿಕೊಂಡು ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ವಾರ ಕಳೆಯುವಷ್ಟರಲ್ಲಿ ನನಗೆ ಆ ಎಮ್ಮೆಯ ನೆನಪೂ ಕಾಡತೊಡಗಿತು. ತಡೆಯಲಾರದೆ ಹಿತ್ತಲಿಗೆ ಹೋಗಿ ಗೋಡೆಯ ಮೇಲಿಂದ ಕೂಗಿ, ಸಿಟ್ಟೇನವ್ವಾ ಎಂದು ಕೇಳಿದೆ.

"ಸಿಟ್ಟ್ಯಾಕ್ರೀ? ಬ್ಯಾನಿ ಮನಷ್ಯಾರ ಮನಿಗೆ ಬರಿಗೈಲೆ ಹೆಂಗ ಬರಬೇಕು? ನಿಮಗ ನಮ್ಮದು ಒಂದೂ ನಡಿಯಂಗಿಲ್ಲ."

ಬರಿಗೈಲೇ ಬಾ ಎಂದರೆ ಅವಳು ಬರುವವಳಲ್ಲ. ಆ ಕ್ಷಣಕ್ಕೆ ತೋಚಿದ್ದನ್ನು ಹೇಳಿಬಿಟ್ಟೆ. "ಡಾಕ್ಟರು ಕುದಿಸಿ ಆರಿಸಿದ ನೀರಽ ಕುಡೀಬೇಕು ಅಂದಾರವ್ವಾ. ನನ್ನ ಸ್ಟೋ ಕೆಟ್ಟೈತಿ."

ಮರುದಿನ ಬೆಳಿಗ್ಗೆಯೇ ನೀಲವ್ವ ತಂಬಿಗೆ ತುಂಬ ನೀರು ತಂದಳು. "ನನ್ನ ಮುಂದ ಕುಡೀರಿ" ಎಂದಳು, ಕುಡಿದೆ. ಅಲ್ಲಿಂದ ಅದೇ ರೂಢಿಯಾಯಿತು. ಅವಳು ಹೋದ ಮೇಲೆ ಉಳಿದ ದಿನ ಮೊದಲಿನ ಹಾಗೆಯೇ ಉದ್ದವಾಗಿರುತ್ತಿತ್ತು. ಆದರೂ ಒಂದು ತಾಸು ಅದರಲ್ಲಿ ಕಡಿಮೆಯಾಗಿತ್ತಲ್ಲ. ನನ್ನ ಸೀಮೆಎಣ್ಣೆ ಸ್ಟೋವಿಗೆ ಏನೂ ಆಗಿರಲಿಲ್ಲ. ನೀರಿನ ಕುದಿಬಿಂದುವನ್ನು ಊರ ಮಕ್ಕಳಿಗೆಲ್ಲ ಬಾಯಿಪಾಠ ಮಾಡಿಸಿದ ಮಾಸ್ತರನು ಬೆಳಿಗ್ಗೆ ಎದ್ದೊಡನೆ ಅದೇ ಸ್ಟೋವಿನ ಮೇಲೆ ಚಹಾ ಮಾಡಿಕೊಂಡು, ಸ್ಟೋವಿನ ಬಿಸಿ ಆರುವುದನ್ನೂ ಕಾಯದೆ, ನೀಲವ್ವ ಬರುವುದರೊಳಗೆ ಮಂಚದ ಕೆಳಗೆ ತಳ್ಳಿ, ಚಾದರದ ಅಂಚನ್ನು ನೆಲದವರೆಗೂ ಇಳಿಬಿಟ್ಟು, ಬಾಗಿಲ ಕಡೆ ಕಿವಿಕೊಟ್ಟು ಕುಳಿತಿರುತ್ತಿದ್ದನು.